ಗಣಿಯ ಊರೂ ಕೈಯ ವಿದ್ಯೆಯೂ



ಬೆಂಗಳೂರಿನಿಂದ ಮದರಾಸಿನ ಕಡೆಗೆ ಹೋಗುವ ರೈಲು ಹಾದಿಯಲ್ಲಿ ಸುಮಾರು ೭೦ ಕಿಲೋಮೀಟರು ಕಳೆದ ಮೇಲೆ ಬಂಗಾರಪೇಟೆಯ ಜಂಕ್ಷನ್ನು ಸಿಕ್ಕುತ್ತದೆ. ಮೈಸೂರಿನ ಕಮೀಷನರಾಗಿದ್ದ ಬೌರಿಂಗ್ ಸಾಹೇಬರ ನೆನಪಿಗಾಗಿ ಈ ಊರಿಗೆ ಹಿಂದೆ ಬೌರಿಂಗ್‌ಪೇಟೆ ಎಂಬ ಹೆಸರಿತ್ತು. ಇಲ್ಲಿಂದ ಒಂದು ಕವಲು ಹಾದಿ ಒಡೆದು, ಕೋರಮಂಡಲ, ಊರ್ಗಾಂ, ಚಾಂಪಿಯನ್ ಎಂಬ ನಿಲ್ದಾಣಗಳನ್ನು ದಾಟಿ ಮಾರಿಕುಪ್ಪದಲ್ಲಿ ಕೊನೆಗಾಣುತ್ತದೆ. ೧೮೯೪ರಲ್ಲಿ ಈ ಕವಲನ್ನು ಹಾಕಿದ್ದು ಕೋಲಾರದ ಚಿನ್ನದ ಗಣಿಗಳಿಗಾಗಿ. ಅಂದು ಈ ಹಾದಿ ಯಂತ್ರಗಳನ್ನೂ ಮರಮುಟ್ಟುಗಳನ್ನೂ ಕೂಲಿಯವರನ್ನೂ ಗಣಿಯ ಊರಿಗೆ ಹೊತ್ತು ತರುತ್ತಿತ್ತು. ಇಂದು ಅದೇ ಹಾದಿ ನಸುಕಿನಲ್ಲಿಯೇ ಸಾವಿರಾರು ಜನರನ್ನು ಗಣಿಯ ಊರಿನಿಂದ ಎತ್ತಿಕೊಂಡು ಬೆಂಗಳೂರಿಗೆ ಒಯ್ಯುತ್ತದೆ. ರಾತ್ರಿ ಅವರನ್ನು ಹಿಂದಕ್ಕೆ ತಂದು ಬಿಡುತ್ತದೆ. ಗಾಡಿಯ ದಿಕ್ಕು ಹೀಗೆ ತಿರುಗಿದ್ದು ಏಕೆ, ಅದಕ್ಕೂ ನಮ್ಮ ಪಾಠಶಾಲೆಗಳಿಗೂ ಏನು ಸಂಬಂಧ ಎಂಬುದನ್ನು ಈ ಹೊತ್ತು ತಮ್ಮೊಡನೆ ವಿಚಾರ ಮಾಡಬೇಕೆಂದಿದ್ದೇನೆ.

ನನಗೆ ಕೊಟ್ಟಿರುವ ವಿಷಯ ನಮ್ಮ ದೇಶದ ವಿದ್ಯಾಭ್ಯಾಸ ಮತ್ತು ಕಸಬಿನ ತರಬೇತು, ಇವುಗಳ ಸುಧಾರಣೆ. ವಿಷಯ ದೊಡ್ಡದು. ಇದರ ಮೇಲೆ ಸಮಿತಿಗಳು ಕುಳಿತಿವೆ, ವರದಿಗಳು ಎದ್ದಿವೆ. ಆ ವರದಿಗಳ ಸಾರಾಂಶವನ್ನು ಇಲ್ಲಿ ಒಪ್ಪಿಸಿದರೆ ತಮಗೆ ನಿದ್ರೆಯೂ ನನಗೆ ಆಯಾಸವೂ ಉಂಟಾಗುವುದಲ್ಲದೆ ಮತ್ತೇನೂ ಆಗಲಾರದು. ಆದುದರಿಂದ ದೇಶವನ್ನೆಲ್ಲ ಸುತ್ತಿ ಬರುವ ಬದಲು ಒಂದೇ ಊರನ್ನು ನೋಡೋಣ. ಒಂದು ಅಕ್ಕಿಯ ಕಾಳನ್ನು ಹಿಸುಕಿದರೆ ಅನ್ನ ಬೆಂದಿದೆಯೋ ಇಲ್ಲವೋ ತಿಳಿಯುವುದೆಂದು ನಮ್ಮ ಹಿರಿಯರು ಹೇಳುತ್ತಿದ್ದರಷ್ಟೆ.

ಕೋಲಾರದ ಗಣಿಯ ಕಥೆ ತಮ್ಮಲ್ಲಿ ಅನೇಕರಿಗೆ ತಿಳಿದದ್ದೆ. ಲವೆಲ್ ಎಂಬ ನಿವೃತ್ತ ಸಿಪಾಯಿ ೧೮೭೫ರಲ್ಲಿ ಮೈಸೂರು ಸರ್ಕಾರದಿಂದ ಅಪ್ಪಣೆ ಪಡೆದು ಹುಡುಕಾಟ ಆರಂಭಿಸಿದನು. ೧೮೮೦ರಿಂದ ಲಂಡನ್ನಿನ ಜಾನ್ ಟೇಲರ್ ಮತ್ತು ಮಕ್ಕಳ ಕಂಪೆನಿ ಗಣಿಗಳ ಆಡಳಿತವನ್ನು ಕೈಗೆತ್ತಿಕೊಂಡಿತು. ೧೯೦೨ರಲ್ಲಿ ಶಿವನಸಮುದ್ರದ ಜಲಪಾತದಿಂದ ೯೨ ಮೈಲಿ ತಂತಿ ಎಳೆದು ಈ ಗಣಿಗಳಿಗೆ ವಿದ್ಯುಚ್ಛಕ್ತಿಯನ್ನು ಒದಗಿಸಲಾಯಿತು; ಬೆಂಗಳೂರಿನ ಬೀದಿಗಳು ವಿದ್ಯುದ್ದೀಪವನ್ನು ಕಂಡದ್ದು ಮೂರು ವರ್ಷ ತಡವಾಗಿ, ೧೯೦೫ರಲ್ಲಿ. ನೂರಿಪ್ಪತ್ತು ವರ್ಷಗಳಲ್ಲಿ ಸುಮಾರು ೮೦೦ ಟನ್ನು ಚಿನ್ನ ಈ ನೆಲದಿಂದ ಮೇಲೆ ಬಂದಿತು. ೧೯೫೬ರಲ್ಲಿ ಗಣಿಗಳು ಮೈಸೂರು ಸರ್ಕಾರದ ವಶವಾದವು. ೧೯೬೨ರಲ್ಲಿ ಕೇಂದ್ರ ಸರ್ಕಾರಕ್ಕೆ ಸೇರಿದವು. ೧೯೭೨ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಸಂಸ್ಥೆಯ ಕೈಗೆ ಬಂದವು. ಅದಿರಿನಲ್ಲಿ ಚಿನ್ನದ ಪ್ರಮಾಣ ಇಳಿಯುತ್ತ, ಅಗೆಯುವ ವೆಚ್ಚ ಏರುತ್ತ ಬಂದು, ೨೦೦೧ರ ಫೆಬ್ರವರಿ ೨೮ರಂದು ಗಣಿಗಳು ಮುಚ್ಚಿದವು.

ಇಷ್ಟು ಹಣದ ಲೆಕ್ಕ. ಈಗ ವಿದ್ಯೆಯ ಲೆಕ್ಕವನ್ನು ನೋಡಬೇಕು. ಗಣಿಯೊಳಗೆ ಇಳಿದು ದುಡಿಯುವುದು ಬರಿಯ ತೋಳಿನ ಕೆಲಸವೆಂದು ದೂರದಿಂದ ನೋಡುವವರಿಗೆ ತೋರಬಹುದು. ಚಾಂಪಿಯನ್ ರೀಫ್ ಗಣಿ ನೆಲದಿಂದ ೩ ಕಿಲೋಮೀಟರಿಗಿಂತಲೂ ಕೆಳಕ್ಕೆ ಇಳಿದಿತ್ತು. ಅಷ್ಟು ಆಳದಲ್ಲಿ ಬಂಡೆಯೇ ಕಾದು ಬಿಸಿಯಾಗಿರುತ್ತದೆ; ಮೇಲಿನ ಬೆಟ್ಟದಷ್ಟು ಭಾರವನ್ನು ತಾಳಲಾರದೆ ಕಲ್ಲು ಒಮ್ಮಿಂದೊಮ್ಮೆಗೆ ಸಿಡಿಯುತ್ತದೆ. ಅಂಥಲ್ಲಿ ಕೆಲಸ ಮಾಡುವವನು ಕಬ್ಬಿಣದ ಸಲಾಕೆಯಿಂದ ತಲೆಯ ಮೇಲಣ ಬಂಡೆಯನ್ನು ತಟ್ಟಿ, ಅದು ಕೊಡುವ ಶಬ್ದದಿಂದ ಕಲ್ಲು ಗಟ್ಟಿಯೋ ಸಡಿಲವೋ ಎಂದು ತಿಳಿಯಬೇಕು. ಎಲ್ಲಿ ರಂಧ್ರ ಕೊರೆದು ಎಷ್ಟು ಮದ್ದು ತುಂಬಿದರೆ ಬೇಕಾದಷ್ಟೇ ಕಲ್ಲು ಬೀಳುವುದೆಂದು ಅಳೆಯಬೇಕು. ಅಗೆದು ಬರಿದಾದ ಜಾಗಕ್ಕೆ ಕಗ್ಗಲ್ಲಿನ ಗೋಡೆ ಕಟ್ಟಿ ಆಸರೆ ಕೊಡಬೇಕು. ತಪ್ಪಿದರೆ ತಿದ್ದಿಕೊಳ್ಳಲು ಎರಡನೆಯ ಅವಕಾಶವಿಲ್ಲ. ಇದನ್ನು ವಿದ್ಯೆಯೆನ್ನದೆ ಮತ್ತೇನೆನ್ನೋಣ?

ಆದರೆ ಈ ವಿದ್ಯೆಗೆ ಶಾಲೆಯಿರಲಿಲ್ಲ. ಬ್ರಿಟಿಷ್ ಕಂಪೆನಿಯ ಕಾಲದಲ್ಲಿ ಗಣಿಯ ಸಮಾಜ ಒಂದು ನಿಚ್ಚಣಿಕೆಯಂತೆ ಇತ್ತು. ಮೇಲಿನ ಮೆಟ್ಟಿಲಿನಲ್ಲಿ ಆಂಗ್ಲ ಇಂಜಿನಿಯರುಗಳು. ನಡುವೆ ಮೇಲ್ವಿಚಾರಣೆಗೆ ಆಂಗ್ಲೋ ಇಂಡಿಯನ್ನರು ಮೊದಲಾದವರು. ಕೆಳಗೆ ಸಾವಿರ ಸಾವಿರ ಸಂಖ್ಯೆಯಲ್ಲಿ ತಮಿಳು, ತೆಲುಗು ಸೀಮೆಗಳಿಂದ ಬಂದ ಕೆಲಸಗಾರರು. ಈ ಕೆಲಸಗಾರರಲ್ಲಿ ಬಹುಮಂದಿ, ಸಮಾಜವು ಕೀಳೆಂದು ದೂರವಿಟ್ಟಿದ್ದ ಜಾತಿಗಳವರು. ಲೆಕ್ಕಾಚಾರದ ವಿದ್ಯೆ ಮೇಲಿನ ಮೆಟ್ಟಿಲಿನಲ್ಲಿ, ಕೈಯ ವಿದ್ಯೆ ಕೆಳಗಿನ ಮೆಟ್ಟಿಲಿನಲ್ಲಿ. ಪುಸ್ತಕ ಇಂಗ್ಲಿಷಿನಲ್ಲಿ, ಕೆಲಸ ತಮಿಳಿನಲ್ಲಿ, ಕಛೇರಿಯ ಕಾಗದ ಕನ್ನಡದಲ್ಲಿ. ಅಪ್ಪನ ಹಿಂದೆ ಮಗ, ಅಣ್ಣನ ಹಿಂದೆ ತಮ್ಮ ಕೆಳಗಿಳಿದು, ನೋಡಿ ನೋಡಿ ಕಲಿತರು. ಹೇಗೆ ಮಾಡಬೇಕೆಂಬುದು ಅವರಿಗೆ ಬಂದಿತು. ಏಕೆ ಹಾಗೆ ಮಾಡಬೇಕೆಂಬುದನ್ನು ಅವರಿಗೆ ಹೇಳಿಕೊಡುವ ಹೊಣೆ ಯಾರದೂ ಆಗಿರಲಿಲ್ಲ. ಬಂಡೆಗಳ ಬಲವನ್ನು ಅಭ್ಯಾಸ ಮಾಡುವ ರಾಷ್ಟ್ರೀಯ ಸಂಸ್ಥೆಯೊಂದು ಈ ಊರಿನಲ್ಲಿಯೇ ೧೯೮೮ರಲ್ಲಿ ಸ್ಥಾಪಿತವಾಯಿತು. ಅಷ್ಟು ಹೊತ್ತಿಗೆ ಗಣಿಯ ಮುಸ್ಸಂಜೆ ಸಮೀಪಿಸಿತ್ತು.

ಕೆಲವು ತಿಂಗಳ ಹಿಂದೆ ಒಂದು ಸಂಜೆ ನಾನು ಬಂಗಾರಪೇಟೆಯ ಪ್ಲಾಟ್‌ಫಾರಮ್ಮಿನ ಮೇಲೆ ತಡವಾದ ಗಾಡಿಗಾಗಿ ಕಾದಿದ್ದೆನು. ಪಕ್ಕದ ಬೆಂಚಿನಲ್ಲಿ ಎಪ್ಪತ್ತರ ಸಮೀಪದ ವೃದ್ಧರೊಬ್ಬರು ಕುಳಿತಿದ್ದರು. ಮಾತಿಗೆ ಮಾತು ಬೆಳೆಯಿತು. ಅವರು ಗಣಿಯಲ್ಲಿ ವೈಂಡಿಂಗ್ ಇಂಜಿನ್ನಿನ ಡ್ರೈವರಾಗಿದ್ದವರು. ಗಣಿಯ ಬಾಯಿಯ ಬಳಿ ಇಂಜಿನ್ನಿನ ಮನೆಯಲ್ಲಿ ಕುಳಿತು, ಉಕ್ಕಿನ ಹಗ್ಗಕ್ಕೆ ಕಟ್ಟಿದ ಪಂಜರದಲ್ಲಿ ಮನುಷ್ಯರನ್ನು ಪಾತಾಳಕ್ಕೆ ಇಳಿಸುವುದೂ ಮೇಲಕ್ಕೆ ಎತ್ತುವುದೂ ಅವರ ಉದ್ಯೋಗ. ಪಂಜರ ಅವರ ಕಣ್ಣಿಗೆ ಕಾಣುವುದಿಲ್ಲ. ಗಂಟೆಯ ಸಂಕೇತ, ಆಳವನ್ನು ತೋರಿಸುವ ಮುಳ್ಳು, ಹಗ್ಗದ ನಾದ, ಕೈಯಲ್ಲಿನ ಬ್ರೇಕು, ಇವೇ ಅವರ ಕಣ್ಣು. ಈ ಕೆಲಸಕ್ಕೆ ಗಣಿ ಕಾನೂನಿನ ಪ್ರಕಾರ ಪರೀಕ್ಷೆಯುಂಟು, ಸರ್ಟಿಫಿಕೇಟು ಉಂಟು. ಆ ಸರ್ಟಿಫಿಕೇಟನ್ನು ಅವರು ಈಗಲೂ ಪ್ಲಾಸ್ಟಿಕ್ ಹೊದಿಕೆಯಲ್ಲಿ ಜೋಪಾನ ಮಾಡಿದ್ದರು.

“ಈಗೇನು ಕೆಲಸ, ಯಜಮಾನರೆ?” ಎಂದು ಕೇಳಿದೆ.

“ಗಣಿ ಮುಚ್ಚಿದ ಮೇಲೆ ಬೆಂಗಳೂರಲ್ಲಿ ವಾಚ್‌ಮನ್ ಆದೆ, ಮೇಷ್ಟ್ರೆ. ದೊಡ್ಡ ಮಹಡಿ ಮನೆ. ಅಲ್ಲೊಂದು ಲಿಫ್ಟು ಉಂಟು. ಒಂದು ದಿವಸ ಅದರ ಸದ್ದು ಕೇಳಿ, ಬ್ರೇಕು ಸವೆದಿದೆ ಅಂತ ಹೇಳಿದೆ. ನೀನು ಗೇಟು ನೋಡ್ಕೊ ಅಂದರು. ಹತ್ತು ದಿವಸಕ್ಕೆ ನಿಂತುಹೋಯಿತು.”

“ಲಿಫ್ಟಿನ ಕಂಪೆನಿಯವರನ್ನೇ ಕೆಲಸ ಕೇಳಬಹುದಾಗಿತ್ತಲ್ಲ?”

“ಕೇಳದೆ ಇರ್ತೀನಾ? ಅವರು ಕಾಗದ ಕೇಳಿದರು. ನನ್ನ ಕಾಗದ ಗಣೀದು. ಆಮೇಲೆ ಕರೆಂಟಿನ ವಿಷಯ ಏನೇನೋ ಕೇಳಿದರು. ನಮಗೆ ಹೀಗೆ ಮಾಡು ಅಂತ ಹೇಳಿಕೊಟ್ಟಿದ್ದರು, ಮೇಷ್ಟ್ರೆ. ಯಾಕೆ ಅಂತ ಹೇಳಿಕೊಡಲಿಲ್ಲ.”

ಗಾಡಿ ಬಂದಿತು, ಅವರು ಎದ್ದು ಹೋದರು. ಎರಡು ಕಿಲೋಮೀಟರು ಆಳಕ್ಕೆ ಮನುಷ್ಯರನ್ನು ಸುರಕ್ಷಿತವಾಗಿ ಇಳಿಸಿ ಎತ್ತಿದ ಕೈ, ನಾಲ್ಕು ಅಂತಸ್ತಿನ ಮನೆಯ ಲಿಫ್ಟಿಗೆ ಅನರ್ಹವಾಯಿತು. ಲಿಫ್ಟಿನ ಕಂಪೆನಿಯವರನ್ನು ನಾನು ದೂರುವುದಿಲ್ಲ. ಅವರ ಕಡೆಯಿಂದ ನೋಡಿದರೆ ಅವರು ಕೇಳಿದ್ದು ನ್ಯಾಯವೆ. ಆ ಮನುಷ್ಯನಿಗೆ ಬ್ರೇಕಿನ ಜೊತೆಗೆ ಬ್ರೇಕಿನ ತತ್ತ್ವವನ್ನೂ, ಮೋಟಾರಿನ ಜೊತೆಗೆ ವಿದ್ಯುತ್ತಿನ ಪ್ರಾಥಮಿಕ ಜ್ಞಾನವನ್ನೂ, ಅವನಿಗೆ ತಿಳಿಯುವ ಭಾಷೆಯಲ್ಲಿ, ವಾರಕ್ಕೆ ನಾಲ್ಕು ಗಂಟೆಯಂತೆ ಯಾರಾದರೂ ಕಲಿಸಿದ್ದರೆ ಅವನ ವಿದ್ಯೆ ಗಣಿಯೊಡನೆ ಹೂತುಹೋಗುತ್ತಿರಲಿಲ್ಲ.

ಇನ್ನೊಂದು ಪ್ರಸಂಗವನ್ನು ಹೇಳಬೇಕಾಗಿದೆ. ಅದರಲ್ಲಿ ತಪ್ಪು ನನ್ನದು. ನಾನು ಭೌತಶಾಸ್ತ್ರದ ಅಧ್ಯಾಪಕ. ಕೆಲವು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಗಣಿ ಕೆಲಸಗಾರನ ಮೊಮ್ಮಗನೊಬ್ಬನಿದ್ದನು. ಪರೀಕ್ಷೆಯಲ್ಲಿ ಅವನು ಸಾಧಾರಣ. ಆದರೆ ಪ್ರಯೋಗಶಾಲೆಯಲ್ಲಿ ಕೆಟ್ಟು ಕುಳಿತಿದ್ದ ಒಂದು ಗ್ಯಾಲ್ವನೋಮೀಟರನ್ನು, ನಾವು ಮೂವರು ಅಧ್ಯಾಪಕರು ಕೈಬಿಟ್ಟಿದ್ದನ್ನು, ಅವನು ಒಂದು ಮಧ್ಯಾಹ್ನದಲ್ಲಿ ಸರಿಮಾಡಿ ಕೊಟ್ಟನು. ಅನಂತರ ಅವನು ನನ್ನ ಬಳಿಗೆ ಬಂದು, “ಸಾರ್, ಇದನ್ನು ಬಿಟ್ಟು ಒಂದು ಕಾರ್ಖಾನೆಯಲ್ಲಿ ಅಪ್ರೆಂಟಿಸು ಸೇರಲೆ?” ಎಂದು ಕೇಳಿದನು. ನಾನು ಗದರಿಸಿಯೇ ಹೇಳಿದೆ: “ಅದೆಲ್ಲ ಓದು ಹತ್ತದವರಿಗೆ. ಮೊದಲು ಡಿಗ್ರಿ ಮುಗಿಸು.” ಅವನು ಮುಗಿಸಿದನು. ಈಗ ನಸುಕಿನ ರೈಲಿನಲ್ಲಿ ಬೆಂಗಳೂರಿಗೆ ಹೋಗಿ, ಸಾಮಾನು ಸಾಗಿಸುವ ಒಂದು ಗೋದಾಮಿನಲ್ಲಿ ಪೊಟ್ಟಣಗಳ ಸಂಖ್ಯೆಯನ್ನು ಬರೆದುಕೊಳ್ಳುತ್ತಾನೆ. ಸಿಕ್ಕಾಗ ನಮಸ್ಕಾರ ಮಾಡುತ್ತಾನೆ. ಆ ನಮಸ್ಕಾರವನ್ನು ಸ್ವೀಕರಿಸುವುದು ನನಗೆ ಸುಲಭವಾಗಿಲ್ಲ.

ಈ ಎರಡು ಪ್ರಸಂಗಗಳನ್ನು ಒಟ್ಟಿಗೆ ಇಟ್ಟು ನೋಡಬೇಕೆಂದು ಪ್ರಾರ್ಥಿಸುತ್ತೇನೆ. ಒಬ್ಬರಿಗೆ ಕೈಯ ವಿದ್ಯೆ ದೊರೆಯಿತು, ಅದರ ತತ್ತ್ವ ದೊರೆಯಲಿಲ್ಲ. ಇನ್ನೊಬ್ಬನಿಗೆ ತತ್ತ್ವ ದೊರೆಯಿತು, ಕೈಯ ವಿದ್ಯೆಯಿಂದ ಅವನನ್ನು ನಾನೇ ತಪ್ಪಿಸಿದೆ. ಇಬ್ಬರೂ ಒಂದೇ ರೈಲಿನ ಪ್ರಯಾಣಿಕರಾದರು. ನಮ್ಮ ವಿದ್ಯಾಭ್ಯಾಸದ ರೋಗವೆಲ್ಲ ಈ ಒಡಕಿನಲ್ಲಿದೆ ಎಂಬುದು ನನ್ನ ಅಭಿಪ್ರಾಯ.

ಹಾಗೆಂದು ನಮ್ಮ ನಾಡಿನಲ್ಲಿ ಯಾರೂ ಇದನ್ನು ಯೋಚಿಸಲಿಲ್ಲವೆಂದು ಹೇಳಿದರೆ ಅಪಚಾರವಾದೀತು. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ, ೧೯೧೩ರಲ್ಲಿ, ಮೈಸೂರು ಸಂಸ್ಥಾನವು ಕಡ್ಡಾಯ ಪ್ರಾಥಮಿಕ ವಿದ್ಯಾಭ್ಯಾಸದ ಕಾನೂನನ್ನು ತಂದಿತು. ಅದೇ ಸುಮಾರಿನಲ್ಲಿ ಬೆಂಗಳೂರಿನಲ್ಲಿ ಯಂತ್ರವಿದ್ಯೆಯ ಶಾಲೆ, ಹೆಬ್ಬಾಳದಲ್ಲಿ ಬೇಸಾಯದ ಶಾಲೆ, ಮೈಸೂರಿನಲ್ಲಿ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆ ಇವು ಎದ್ದವು. ೧೯೧೬ರಲ್ಲಿ ವಿಶ್ವವಿದ್ಯಾನಿಲಯ, ೧೯೧೭ರಲ್ಲಿ ಇಂಜಿನಿಯರಿಂಗ್ ಕಾಲೇಜು. ಅವರು ಮುಪ್ಪಿನಲ್ಲಿಯೂ ಈ ಚಿಂತೆಯನ್ನು ಬಿಡಲಿಲ್ಲ. ಭದ್ರಾವತಿಯ ಕಾರ್ಖಾನೆಯ ಸೇವೆಗಾಗಿ ತಮಗೆ ಸಲ್ಲಬೇಕಾಗಿದ್ದ ಹಣವನ್ನು ಒಂದು ಕಸಬಿನ ಶಾಲೆಗೆ ಬಿಟ್ಟುಕೊಟ್ಟರು. ೧೯೪೩ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಶ್ರೀ ಜಯಚಾಮರಾಜೇಂದ್ರ ಔದ್ಯೋಗಿಕ ಶಾಲೆ ಅದರ ಫಲ. ಆದರೆ ಕಾಲ ಕಳೆದಂತೆ ವಿಶ್ವವಿದ್ಯಾನಿಲಯ ಒಂದು ಹಳಿ, ಕಸಬಿನ ಶಾಲೆ ಇನ್ನೊಂದು ಹಳಿ ಆಗಿ, ಎರಡೂ ಪಕ್ಕಪಕ್ಕದಲ್ಲಿಯೇ ಓಡುತ್ತ ಎಲ್ಲಿಯೂ ಕೂಡಲಿಲ್ಲ.

ಗಾಂಧೀಜಿಯವರು ೧೯೩೭ರಲ್ಲಿ ವಾರ್ಧಾ ಯೋಜನೆಯನ್ನು ದೇಶದ ಮುಂದಿಟ್ಟು, ಕೈಕೆಲಸದ ಮೂಲಕವೇ ಪಾಠವೆಲ್ಲವನ್ನೂ ಕಲಿಸಬೇಕೆಂದರು. ಡಾಕ್ಟರ್ ಜಾಕಿರ್ ಹುಸೇನರು ಅದಕ್ಕೊಂದು ಪಠ್ಯಕ್ರಮವನ್ನೂ ರಚಿಸಿದರು. ತತ್ತ್ವ ಅಮೂಲ್ಯವಾದದ್ದು. ಆಚರಣೆಯಲ್ಲಿ ಅದು ಹಳ್ಳಿಯ ಬಡವರ ಶಾಲೆಗೆ ಅಂಟಿಕೊಂಡಿತು. ಪಟ್ಟಣದ ಅನುಕೂಲಸ್ಥರ ಶಾಲೆಗಳು ಮೊದಲಿನಂತೆಯೇ ನಡೆದವು. ಒಬ್ಬರ ಮಕ್ಕಳಿಗೆ ತಕಲಿ, ಇನ್ನೊಬ್ಬರ ಮಕ್ಕಳಿಗೆ ಬೀಜಗಣಿತ ಎಂದಾದ ಮೇಲೆ ಯಾವ ತಂದೆ ತಕಲಿಯನ್ನು ಆರಿಸಿಯಾನು?

೧೯೫೩ರಲ್ಲಿ ಮದರಾಸು ಪ್ರಾಂತದಲ್ಲಿ ರಾಜಾಜಿಯವರು, ಮಕ್ಕಳು ಅರ್ಧ ಹೊತ್ತು ಶಾಲೆಯಲ್ಲಿ ಓದಿ ಉಳಿದ ಹೊತ್ತು ತಂದೆತಾಯಿಗಳ ಕಸಬನ್ನು ಕಲಿಯಲೆಂದು ಒಂದು ಏರ್ಪಾಡನ್ನು ತಂದರು. ಕುಲಕ್ಕೊಂದು ಕಸಬನ್ನು ಶಾಶ್ವತ ಮಾಡುವ ಯುಕ್ತಿ ಇದೆಂದು ಜನ ಎದ್ದುನಿಂತರು. ೧೯೫೪ರಲ್ಲಿ ಕಾಮರಾಜರ ಕಾಲದಲ್ಲಿ ಅದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ಈ ಪ್ರಸಂಗವನ್ನು ಸುಧಾರಕರು ಮರೆಯತಕ್ಕದ್ದಲ್ಲ. ಚಿನ್ನದ ಗಣಿಯ ಕೆಲಸಗಾರನು ಹೊಟ್ಟೆ ಬಟ್ಟೆ ಕಟ್ಟಿ ಮಗನನ್ನು ಓದಿಸಿದ್ದು, ಅವನು ತನ್ನಂತೆ ಪಂಜರದಲ್ಲಿ ಕೆಳಗಿಳಿಯಬಾರದು ಎಂಬ ಒಂದೇ ಆಸೆಯಿಂದ. ಆ ಆಸೆ ನ್ಯಾಯವಾದದ್ದು. ಕಸಬಿನ ತರಬೇತಿನ ಹೆಸರಿನಲ್ಲಿ ಕೂಲಿಯ ಮಗನನ್ನು ಕೂಲಿಗೇ ಕಟ್ಟಿಹಾಕುವ ಯಾವ ಯೋಜನೆಯೂ ನಮಗೆ ಬೇಡ. ಹಾಗಾದರೆ ಏನು ಬೇಕು?

ಮೊದಲನೆಯದಾಗಿ, ಕೈಕೆಲಸ ಎಲ್ಲ ಮಕ್ಕಳಿಗೂ ಬರಬೇಕು. ಬಡವನ ಮಗನಿಗೆ ಎಷ್ಟೋ ವಕೀಲರ ಮಗಳಿಗೂ ಅಷ್ಟೆ. ೧೯೬೪ರಿಂದ ೬೬ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗವು ಕೆಲಸದ ಅನುಭವ ಪ್ರತಿಯೊಂದು ಶಾಲೆಯಲ್ಲಿಯೂ ಇರಬೇಕೆಂದು ಹೇಳಿತು. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಅದೇ ಮಾತನ್ನಾಡಿ, ೨೦೨೫ರ ವೇಳೆಗೆ ಕಲಿಯುವವರಲ್ಲಿ ಅರ್ಧದಷ್ಟು ಮಂದಿಗಾದರೂ ಕಸಬಿನ ಪರಿಚಯವಾಗಬೇಕೆಂದು ಗುರಿಯಿಟ್ಟಿತು. ಆದರೆ ವಾರಕ್ಕೊಂದು ಗಂಟೆ, ಅಂಕವಿಲ್ಲದ, ಮೇಷ್ಟರಿಲ್ಲದ, ಮಳೆ ಬಂದರೆ ಬಿಟ್ಟುಬಿಡುವ ಕೈಕೆಲಸದಿಂದ ಪ್ರಯೋಜನವಿಲ್ಲ. ಮರಗೆಲಸವಾಗಲಿ ತಂತಿಯ ಕೆಲಸವಾಗಲಿ, ಒಂದನ್ನು ಹಿಡಿದು ಮೂರು ವರ್ಷ ನೆಟ್ಟಗೆ ಕಲಿಯಬೇಕು. ಕಲಿಸುವವನು ಆ ಕಸಬಿನಲ್ಲಿ ನುರಿತವನಾಗಿರಬೇಕು. ಅವನಿಗೂ ಗಣಿತದ ಮೇಷ್ಟರಿಗೂ ಒಂದೇ ಸಂಬಳ, ಒಂದೇ ಕುರ್ಚಿ ಇರಬೇಕು. ನಮ್ಮ ಸಮಾಜದಲ್ಲಿ ಕೈಯನ್ನು ಕೀಳುಮಾಡಿದ್ದು ಜಾತಿ. ಎಲ್ಲರ ಕೈಗೂ ಎಣ್ಣೆ ಮಸಿ ಹತ್ತಿದ ದಿನ ಆ ಕೀಳುತನಕ್ಕೆ ನಿಲ್ಲಲು ಜಾಗವಿರುವುದಿಲ್ಲ.

ಎರಡನೆಯದಾಗಿ, ಕಸಬು ಕಲಿಯುವ ಪ್ರತಿಯೊಬ್ಬನಿಗೂ ಅದರ ತತ್ತ್ವವನ್ನು ಕಲಿಸಬೇಕು. ೧೯೫೦ರಲ್ಲಿ ಕೇಂದ್ರ ಸರ್ಕಾರವು ಕಸಬುದಾರರ ತರಬೇತಿನ ಯೋಜನೆಯನ್ನು ಆರಂಭಿಸಿತು; ಇಂದು ಊರೂರಿನಲ್ಲಿರುವ ಐ.ಟಿ.ಐ.ಗಳು ಅದರ ಕೂಸುಗಳು. ಇವುಗಳಿಂದ ಆದ ಉಪಕಾರ ಸಣ್ಣದಲ್ಲ. ಅಲ್ಲಿಂದ ಡಿಪ್ಲೊಮಾಕ್ಕೆ, ಡಿಪ್ಲೊಮಾದಿಂದ ಇಂಜಿನಿಯರಿಂಗಿನ ಎರಡನೆಯ ವರ್ಷಕ್ಕೆ ಹೋಗುವ ಬಾಗಿಲನ್ನೂ ತೆರೆದಿದ್ದಾರೆ. ಬಾಗಿಲು ತೆರೆದರೆ ಸಾಲದು; ಹೊಸ್ತಿಲನ್ನು ದಾಟುವ ಶಕ್ತಿಯನ್ನೂ ಕೊಡಬೇಕು. ಗಣಿತ, ಭೌತಶಾಸ್ತ್ರ, ಸ್ವಲ್ಪ ಇಂಗ್ಲಿಷು, ನೆಟ್ಟಗೆ ಒಂದು ಅರ್ಜಿಯನ್ನೂ ಒಂದು ವರದಿಯನ್ನೂ ಬರೆಯುವಷ್ಟು ಕನ್ನಡ, ಇವು ಕಸಬುದಾರನಿಗೆ ಅಲಂಕಾರಗಳಲ್ಲ. ಒಂದು ಯಂತ್ರ ಹಳತಾಗಿ ಇನ್ನೊಂದು ಬಂದಾಗ ಅವನನ್ನು ದಡ ಸೇರಿಸುವ ಹರಿಗೋಲು ಇವೇ.

ಇಲ್ಲಿ ಭಾಷೆಯ ಮಾತು ಬರುತ್ತದೆ. ಕಸಬಿನ ಪುಸ್ತಕಗಳನ್ನು ಕನ್ನಡದಲ್ಲಿ ಬರೆಯುವಾಗ ನಾವು ಕಾಲೇಜಿನವರು ಸಂಸ್ಕೃತದ ಕಬ್ಬಿಣದ ಕಡಲೆಯನ್ನು ಹುರಿದು ಬಡಿಸುತ್ತೇವೆ. ಕೆಲಸಗಾರನ ಬಾಯಲ್ಲಿ ಆಗಲೇ ಶಬ್ದಗಳಿವೆ: ಬೇರಿಂಗು, ಗೇರು, ಸಾಣೆ, ಚಾಣ, ಬೆಸುಗೆ, ತಿರುಪು. ಅವುಗಳನ್ನೇ ಪುಸ್ತಕಕ್ಕೆ ತೆಗೆದುಕೊಂಡು ಬರಬೇಕು. ಬಂಗಾರಪೇಟೆ, ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆಗಳಂಥ ಊರುಗಳಲ್ಲಿ ಕನ್ನಡ, ತಮಿಳು, ತೆಲುಗು ಮೂರೂ ಒಂದೇ ಅಂಗಡಿಯಲ್ಲಿ ವ್ಯಾಪಾರ ಮಾಡುತ್ತವೆ. ಅಲ್ಲಿ ಕಲಿಸುವವನು ಮೂರರಲ್ಲಿಯೂ ವಿವರಿಸಬಲ್ಲವನಾಗಿದ್ದರೆ ಕನ್ನಡಕ್ಕೆ ಕುಂದಿಲ್ಲ. ಕನ್ನಡಕ್ಕೆ ಬರುವ ದಾರಿ ಅಗಲವಾಗುತ್ತದೆ.

ಮೂರನೆಯದಾಗಿ, ಕೆಲಸದಲ್ಲಿ ಕಲಿತ ವಿದ್ಯೆಯನ್ನು ಅಳೆದು ಗುರುತಿಸುವ ಏರ್ಪಾಡು ಬೇಕು. ಶಾಲೆಗೆ ಹೋಗದೆ ಕಲಿತವರನ್ನು ಪರೀಕ್ಷಿಸಿ ಸರ್ಟಿಫಿಕೇಟು ಕೊಡುವ ಕ್ರಮ ೨೦೧೫ರಿಂದೀಚೆಗೆ ಕೇಂದ್ರದ ಕೌಶಲ ಯೋಜನೆಗಳಲ್ಲಿ ಸೇರಿರುವುದು ಸಂತೋಷದ ಸಂಗತಿ. ಆದರೆ ಎರಡು ಮೂರು ದಿನದ ಶಿಬಿರ ನಡೆಸಿ ಹಂಚುವ ಕಾಗದಕ್ಕೆ ಕಾರ್ಖಾನೆಯವರು ಬೆಲೆ ಕೊಡುವುದಿಲ್ಲ. ಮೂವತ್ತು ವರ್ಷದ ಅನುಭವವನ್ನು ಮೂವತ್ತು ಪ್ರಶ್ನೆಗಳಿಂದ ಅಳೆಯಲಾಗದು. ಆ ಕಸಬನ್ನು ಬಲ್ಲವರು ಕುಳಿತು, ಕೆಲಸ ಮಾಡಿಸಿ ನೋಡಿ, ಎಲ್ಲಿ ಕೊರತೆಯಿದೆಯೋ ಅಷ್ಟನ್ನು ಕಲಿಸಿ, ಆಮೇಲೆ ಕೊಡುವ ಕಾಗದವಾದರೆ ಅದು ಗಣಿಯ ಬೇಲಿಯನ್ನು ದಾಟಿ ಎಲ್ಲಿಯಾದರೂ ಸಲ್ಲುತ್ತದೆ.

ನಾಲ್ಕನೆಯದು ಉದ್ಯಮಿಗಳ ಹೊಣೆ. ಜರ್ಮನಿಯಲ್ಲಿ ಕಸಬು ಕಲಿಯುವ ಹುಡುಗನು ವಾರದಲ್ಲಿ ಕೆಲವು ದಿನ ಕಾರ್ಖಾನೆಯಲ್ಲಿಯೂ ಒಂದೆರಡು ದಿನ ಶಾಲೆಯಲ್ಲಿಯೂ ಕಲಿಯುತ್ತಾನೆ. ಕಲಿಯುವ ಕಾಲದಲ್ಲಿಯೇ ಅವನಿಗೆ ಭತ್ಯವಿದೆ. ಪರೀಕ್ಷೆಯನ್ನು ವರ್ತಕರ, ಕಸಬುದಾರರ ಮಂಡಲಿಗಳು ನಡೆಸುತ್ತವೆ. ೧೯೬೯ರ ಕಾನೂನು ಇದಕ್ಕೆಲ್ಲ ಒಂದು ಚೌಕಟ್ಟನ್ನು ಹಾಕಿದೆ. ನಮ್ಮಲ್ಲಿಯೂ ೧೯೬೧ರಿಂದ ಅಪ್ರೆಂಟಿಸರ ಕಾನೂನು ಇದೆ. ಆದರೆ ಅಪ್ರೆಂಟಿಸೆಂದರೆ ಅಗ್ಗದ ಕೂಲಿಯಾಳೆಂಬ ಭಾವನೆ ಅನೇಕ ಕಡೆ ಹೋಗಿಲ್ಲ. ಕೋಲಾರದ ಹತ್ತಿರದ ನರಸಾಪುರದಲ್ಲಿ ಈಗ ದೊಡ್ಡ ಕಾರ್ಖಾನೆಗಳು ಎದ್ದಿವೆ. ಗಣಿಯ ಸೀಮೆಯ ಯುವಕ ಯುವತಿಯರಿಗೆ ಅವು ಒಂದು ಆಸರೆ. ೨೦೨೦ರ ಡಿಸೆಂಬರಿನಲ್ಲಿ ಅಲ್ಲಿನ ಒಂದು ಕಾರ್ಖಾನೆಯಲ್ಲಿ ವೇತನದ ವಿಷಯವಾಗಿ ಗಲಭೆಯಾಯಿತೆಂಬುದು ತಮಗೆ ನೆನಪಿರಬಹುದು. ಹಿಂಸೆಯನ್ನು ಯಾರೂ ಮೆಚ್ಚುವುದಿಲ್ಲ. ಆದರೆ ಕೆಲಸಗಾರನನ್ನು ಇಂದಿನ ಕೈ ಎಂದು ಎಣಿಸದೆ ನಾಳೆಯ ಕುಶಲಿ ಎಂದು ಎಣಿಸುವ ಕಡೆ ಇಂಥ ಸಂಕಟಗಳು ವಿರಳವಾಗುವುವೆಂದು ಹೇಳಬಹುದು.

ಕೊನೆಯದಾಗಿ, ಒಂದು ಊರಿನ ಉದ್ಯಮ ಸಾಯುವ ಮೊದಲೇ ಆ ಊರಿನ ಮುಂದಿನ ವಿದ್ಯೆಯನ್ನು ಯೋಚಿಸಬೇಕು. ಜರ್ಮನಿಯ ರೂರ್ ಪ್ರಾಂತವೂ ಗಣಿಯ ಸೀಮೆಯೇ. ಕಲ್ಲಿದ್ದಲಿನ ಕಾಲ ಇಳಿಮುಖವಾಗುತ್ತಿದ್ದಾಗಲೇ, ೧೯೬೫ರಲ್ಲಿ, ಬೋಕುಮ್ ಎಂಬ ಗಣಿಯ ಊರಿನಲ್ಲಿ ವಿಶ್ವವಿದ್ಯಾನಿಲಯ ತೆರೆಯಿತು. ೧೯೬೮ರಲ್ಲಿ ನೆರೆಯ ಡಾರ್ಟ್‌ಮುಂಡಿನಲ್ಲಿ ಇನ್ನೊಂದು. ಕಲ್ಲಿದ್ದಲಿನ ಗಣಿಗಳನ್ನು ೨೦೧೮ಕ್ಕೆ ಮುಚ್ಚಬೇಕೆಂದು ೨೦೦೭ರಲ್ಲಿಯೇ ಗೊತ್ತುಮಾಡಿದರು. ೨೦೧೮ರ ಡಿಸೆಂಬರಿನಲ್ಲಿ ಕೊನೆಯ ಗಣಿ ಮುಚ್ಚಿತು. ಕೆಲಸಗಾರರಿಗೆ ಹನ್ನೊಂದು ವರ್ಷಗಳ ಮುನ್ಸೂಚನೆ ದೊರೆಯಿತು. ಅಲ್ಲಿಯೂ ಕಣ್ಣೀರಿಲ್ಲದೆ ಇರಲಿಲ್ಲ. ಆದರೆ ನಮ್ಮ ಚಿನ್ನ ಕಡಮೆಯಾಗುತ್ತ ಬಂದದ್ದು ಒಂದು ದಿನದಲ್ಲಿ ಅಲ್ಲ. ಹತ್ತಾರು ವರ್ಷಗಳಿಂದ ಲೆಕ್ಕದ ಪುಸ್ತಕಗಳು ಅದನ್ನು ಹೇಳುತ್ತಲೇ ಇದ್ದುವು. ಅಷ್ಟು ವರ್ಷಗಳಲ್ಲಿ ಒಂದು ತಲೆಮಾರನ್ನು ಹೊಸ ಕಸಬುಗಳಿಗೆ ಸಿದ್ಧಪಡಿಸಬಹುದಾಗಿತ್ತು. ೧೯೬೪ರಲ್ಲಿ ಸ್ಥಾಪಿತವಾದ ಬಿ.ಇ.ಎಂ.ಎಲ್. ಕಾರ್ಖಾನೆಯ ಒಂದು ಘಟಕ ಅದೇ ಊರಿನಲ್ಲಿದ್ದು, ಭಾರಿ ಯಂತ್ರಗಳ ಕೆಲಸಕ್ಕೆ ಅಲ್ಲಿನ ಕೈಗಳು ಒಗ್ಗುವುವೆಂಬುದಕ್ಕೆ ನಿದರ್ಶನವಾಗಿ ನಿಂತಿದೆ.

ಇದಕ್ಕೆಲ್ಲ ಹಣವೆಲ್ಲಿ ಎಂದು ಕೇಳುವವರಿದ್ದಾರೆ. ಅವರಿಗೆ ನನ್ನ ಉತ್ತರ ಚಿಕ್ಕದು. ೧೯೦೨ರಲ್ಲಿ, ತೊಂಬತ್ತೆರಡು ಮೈಲಿ ದೂರದ ಜಲಪಾತದ ಶಕ್ತಿಯನ್ನು ಗಣಿಯ ಬಾಯಿಗೆ ತರಲು ನಮ್ಮ ಸಂಸ್ಥಾನಕ್ಕೆ ಹಣವೂ ಧೈರ್ಯವೂ ಇದ್ದುವು. ಏಕೆಂದರೆ ಆ ಕಡೆ ಚಿನ್ನವಿದೆಯೆಂದು ಅದು ನಂಬಿತ್ತು. ಮನುಷ್ಯನ ಕೈಯಲ್ಲಿಯೂ ಅಂಥದೇ ಅದಿರು ಇದೆಯೆಂದು ನಂಬಿದರೆ ಹಣ ತಾನಾಗಿ ಹುಟ್ಟುತ್ತದೆ.

ಕೇಳುತ್ತಿರುವ ತಾವು ಬಹುಮಂದಿ ವಿದ್ಯಾವಂತರು, ಪಟ್ಟಣದವರು, ಮಕ್ಕಳ ತಂದೆತಾಯಿಗಳು. ಕಾನೂನು ಬದಲಾಗಲು ಕಾಲ ಹಿಡಿದೀತು. ಅಷ್ಟರಲ್ಲಿ ತಮ್ಮ ಮನೆಯಲ್ಲಿಯೇ ಮಾಡಬಹುದಾದ ಒಂದು ಕೆಲಸವಿದೆ. ತಮ್ಮ ಮಗನೋ ಮಗಳೋ ಕೆಟ್ಟ ಗಡಿಯಾರವನ್ನು ಬಿಚ್ಚಿ ಹರಡಿಕೊಂಡು ಕುಳಿತಿದ್ದರೆ, “ಓದುವುದು ಬಿಟ್ಟು ಇದೇನು?” ಎಂದು ಗದರಿಸಬೇಡಿರಿ. ಆ ಮಾತನ್ನು ನಾನು ಒಮ್ಮೆ ಆಡಿದ್ದೇನೆ. ಅದರ ಬೆಲೆಯನ್ನು ಕೊಡುತ್ತಿರುವವನು ನಾನಲ್ಲ. ನಸುಕಿನ ಗಾಡಿಯಲ್ಲಿ ಮಾರಿಕುಪ್ಪದಿಂದ ಬಂದು, ಬಂಗಾರಪೇಟೆಯ ನೂಕುನುಗ್ಗಲಿನಲ್ಲಿ ಬಾಗಿಲಿಗೆ ಜೋತುಕೊಂಡು, ಬೆಂಗಳೂರಿಗೆ ಹೋಗುವ ಆ ಹುಡುಗ.